ಹಾಲಿನ ಬೇರು ಅಗೆದ ಮಧ್ಯಾಹ್ನ

ಎರಡನೇ ಕೂಸು ಹುಟ್ಟಿ ಹನ್ನೆರಡು ದಿನಕ್ಕೆ ನನ್ನ ಎದೆಹಾಲು ಬತ್ತಿತು. ಮೊದಲನೆಯದು ಹೀಗೆಯೇ ಹಸಿದು ಹಸಿದು ಒಂದೂವರೆ ತಿಂಗಳಿಗೆ ಸತ್ತಿತ್ತು. ಹಾಗಾಗಿ ಮುಂದೇನು ಎಂದು ಯಾರೂ ನನಗೆ ಹೇಳಬೇಕಾಗಿರಲಿಲ್ಲ. ಇಪ್ಪತ್ತನೇ ದಿನಕ್ಕೆ ಕೂಸು ಅಳುವುದನ್ನೇ ಕಡಿಮೆ ಮಾಡಿತು. ಅಳುವಾಗ ಇಲ್ಲದ ಭಯ ಆಗ ಹಿಡಿಯಿತು.

ಹಸುವಿನ ಹಾಲಿಗೆ ಬಟ್ಟೆಯ ಬತ್ತಿ ಅದ್ದಿ ಬಾಯಿಗಿಟ್ಟರೆ ಅಷ್ಟನ್ನೂ ಕಕ್ಕುತ್ತಿತ್ತು. ನಮ್ಮ ಭಾನುವಳ್ಳಿಯಿಂದ ಹರಿಹರದ ದವಾಖಾನೆಗೆ ಒಯ್ಯೋಣವೆಂದರೆ ಅತ್ತೆ ಬಿಡಲಿಲ್ಲ, ಹಸಿ ಬಾಣಂತಿ ಬಸ್ಸು ಹತ್ತುವಂತಿಲ್ಲ. ಗಂಡ ದಾವಣಗೆರೆಯ ಹತ್ತಿ ಗಿರಣಿಯಲ್ಲಿದ್ದ. ಭಾನುವಾರ ಬಂದ, ಕೂಸಿನ ಮುಖ ನೋಡಿದ, ಉಂಡ, ಹೋದ.

“ಹಲವು ಮಕ್ಕಳ ತಾಯಿ ಬೇರು ಸಿಕ್ರೆ ಹಾಲು ಇಳೀತೈತೆ,” ಎಂದು ಅತ್ತೆ ಕುಕ್ಕುವಾಡದ ಕಡೆ ಬೇಲಿ ಬೇಲಿ ಹುಡುಕಿ ಸಂಜೆಗೆ ಬರಿಗೈಯಲ್ಲಿ ಬಂದಳು. “ಬ್ಯಾಸಿಗಿಗೆ ಬಳ್ಳಿ ಒಣಗೈತೆ. ಗುರುತೇ ಸಿಗವಲ್ದು.”

ಆ ಬೇರು ಎಲ್ಲಿದೆಯೆಂದು ನನಗೆ ಗೊತ್ತಿತ್ತು. ನಾಲೆ ಬಂದ ಮೇಲೆ ಸರ್ಕಾರದ ಸಾಹೇಬರೊಬ್ಬರು ಊರ ಹೊರಗೆ ಅರ್ಧ ಎಕರೆಯಲ್ಲಿ ಅದೇ ಬಳ್ಳಿ ಬೆಳೆಸುತ್ತಿದ್ದರು. ಅವರ ಬಾಯಲ್ಲಿ ಅದು ಶತಾವರಿ. ಅಡವಿಯಲ್ಲಿ ಬೆಳೆಯುವುದನ್ನು ಹೊಲಕ್ಕೆ ತಂದರೆ ಎಷ್ಟು ನೀರು ಬೇಕು, ಯಾವ ಗೊಬ್ಬರಕ್ಕೆ ಬೇರು ದಪ್ಪವಾಗುತ್ತದೆ, ತಿಂದವರಿಗೆ ಏನು ಗುಣ, ಇವನ್ನೆಲ್ಲ ನೋಡುವುದು ಅವರ ಕೆಲಸ. ದಾವಣಗೆರೆ ಕೆ.ಬಿ. ಬಡಾವಣೆಯ ಮನೆಯಿಂದ ವಾರಕ್ಕೆರಡು ಸಲ ಬರುತ್ತಿದ್ದರು. ಸಾಲಿಗೊಂದು ಗೂಟ, ಗೂಟಕ್ಕೊಂದು ಅಂಕಿ. ನಾನು ಎರಡನೇ ಕ್ಲಾಸು ಓದಿದವಳು, ಅಂಕಿ ಬರುತ್ತಿತ್ತು. ಅದಕ್ಕೇ ನೀರು ಹಾಕುವ ಕೆಲಸ ನನಗೆ ಬಿತ್ತು. ಒಂದನೇ ಸಾಲಿಗೆ ವಾರಕ್ಕೊಮ್ಮೆ, ಎರಡನೇ ಸಾಲಿಗೆ ಎರಡು ಸಲ, ಕೊನೆಯ ಸಾಲಿಗೆ ಮಳೆ ಬಂದರೆ ಬಂತು. ಬಸಿರಿಗೆ ಎಂಟು ತಿಂಗಳು ತುಂಬುವವರೆಗೂ ಕೊಡ ಹೊತ್ತಿದ್ದೇನೆ.

“ಇದರ ದಾಯಾದಿ ಗಿಡ ಒಂದಿದೆ, ಆಸ್ಪರಾಗಸ್ ಅಂತ. ಅದರ ಚಿಗುರನ್ನ ಬಿಳೀ ಜನ ಬೇಯಿಸಿಕೊಂಡು ತಿಂತಾರೆ,” ಎಂದು ಸಾಹೇಬರು ಒಮ್ಮೆ ಹೇಳಿದಾಗ ಕಳೆ ಕೀಳುತ್ತಿದ್ದ ಮುದುಕಿಯೊಬ್ಬಳು, “ಪಾಪ, ಅವರಿಗೆ ಬದನೆಕಾಯಿ ಸಿಗವಲ್ದೇನ್ರಿ, ಮುಳ್ಳು ತಿಂತಾರೆ?” ಎಂದಿದ್ದಳು. ಸಾಹೇಬರೂ ನಕ್ಕಿದ್ದರು. ಆದರೆ ಬೇರಿನ ವಿಷಯದಲ್ಲಿ ನಗು ಇರಲಿಲ್ಲ. ಒಂದು ಬುಡ ಕಿತ್ತರೂ ಸಾಲಿನ ತೂಕ ಕೆಡುತ್ತದೆ, ಎರಡು ವರ್ಷದ ಕೆಲಸ ಮಣ್ಣುಪಾಲು ಎಂದು ಎಲ್ಲರಿಗೂ ತಾಕೀತು ಮಾಡಿದ್ದರು.

ಇಪ್ಪತ್ತೆರಡನೇ ದಿನ ಮಧ್ಯಾಹ್ನ ಅತ್ತೆ ಆಡಿನ ಹಾಲು ಕೇಳಲು ಹೋದಳು. ನಾನು ಕೂಸನ್ನು ಸೀರೆಯಲ್ಲಿ ಕಟ್ಟಿಕೊಂಡು, ಕುಡುಗೋಲು ಹಿಡಿದು ಹೊಲಕ್ಕೆ ನಡೆದೆ. ಕೂಸನ್ನು ಬದುವಿನ ಜಾಲಿ ನೆರಳಲ್ಲಿ ಮಲಗಿಸಿದೆ. ಬೇಗ ಗೊತ್ತಾಗಬಾರದೆಂದು ಮೊದಲು ಕೊನೆಯ ಸಾಲಿಗೆ ಕೈ ಹಾಕಿದೆ. ಇಲಿಬಾಲದಂಥ ಬೇರು. ಎರಡನೇ ಸಾಲು ಅಗೆದೆ. ಬೆರಳು ಗಾತ್ರದ ಗೊಂಚಲು.

ಅಷ್ಟರಲ್ಲಿ ನಾಲಿಗೆ ಅಂಗುಳಕ್ಕೆ ಅಂಟಿತ್ತು. ನಮ್ಮಲ್ಲಿ ಬಾಣಂತಿಗೆ ನೀರು ಕೊಡುತ್ತಿರಲಿಲ್ಲ. ಬೆಳಿಗ್ಗೆ ಅರ್ಧ ಲೋಟ, ಸಂಜೆ ಅರ್ಧ ಲೋಟ, ಅದೂ ಮೆಣಸು ಹಾಕಿ ಕುದಿಸಿದ್ದು. “ನೀರು ಕುಡಿದ್ರೆ ಹೊಟ್ಟಿ ಜೋತು ಬೀಳ್ತೈತೆ, ಕೂಸಿಗೆ ಶೀತ ಹತ್ತೈತೆ,” ಎನ್ನುತ್ತಿದ್ದಳು ಅತ್ತೆ. ನನ್ನ ತಾಯಿಯೂ ಅದನ್ನೇ ಹೇಳುತ್ತಿದ್ದಳು. ನಾನೂ ನಂಬಿದ್ದೆ. ಆದರೂ ಅವತ್ತು ನಾಲೆಗೆ ಇಳಿದು ದನದ ಹಾಗೆ ಕುಡಿದೆ. ಹೊಟ್ಟೆ ತುಂಬಿದ ಮೇಲೆ ಅತ್ತೆಯ ಮಾತು ನೆನಪಾಯಿತು. ಇದನ್ನೂ ಕೊಂದೆ, ಈ ಸಲ ನನ್ನ ಕೈಯಾರೆ ಕೊಂದೆ ಎಂದುಕೊಂಡೆ.

ಮೇಲೆ ಬಂದರೆ ಅಗೆದ ಗುಂಡಿಯ ಹತ್ತಿರ ಸಾಹೇಬರು ನಿಂತಿದ್ದರು.

“ಯಾರನ್ನ ಕೇಳಿ ಅಗೆದೆ?”

“ಕೂಸು ಸಾಯಂಗೈತ್ರಿ ಸಾಹೇಬ್ರೆ. ಹಾಲಿಲ್ಲ.”

ಅವರು ಬದುವಿಗೆ ಹೋಗಿ ಕೂಸನ್ನು ಬಗ್ಗಿ ನೋಡಿದರು. ತಿರುಗಿ ಬಂದು ಅಗೆದ ಗೊಂಚಲನ್ನು ನನ್ನ ಮಡಿಲಿಗೆ ಹಾಕಿದರು. “ತಗೊಂಡು ಹೋಗು. ಇದರಿಂದ ಹಾಲು ಬಂದೇ ಬರುತ್ತೆ ಅಂತ ನಾನು ಹೇಳಲ್ಲಮ್ಮ. ಹಳಬರು ಹೇಳ್ತಾರೆ, ನಾವಿನ್ನೂ ನೋಡ್ತಾ ಇದೀವಿ. ಬಂದರೂ ಹೇಳು, ಬರದಿದ್ದರೂ ಹೇಳು. ಬರೆದುಕೊಳ್ತೀನಿ.”

ಬೇರು ಕಂಡ ಅತ್ತೆ ಬೈಗುಳ ನುಂಗಿಕೊಂಡಳು. ಸಿಪ್ಪೆ ತೆಗೆದು, ಒಳಗಿನ ನಾರು ಎಳೆದು, ಅರೆದು ಹಾಲಲ್ಲಿ ಕುದಿಸಿ ಕೊಟ್ಟಳು. ಅವತ್ತು ಏನೂ ಆಗಲಿಲ್ಲ. ಮರುದಿನವೂ ಇಲ್ಲ. ನನಗೆ ಮಾತ್ರ ಬಾಯಾರಿಕೆ ತಡೆಯಲಾಗಲಿಲ್ಲ. ದಿನಾ ಬೆಳಿಗ್ಗೆ ಅತ್ತೆ ಒಂದು ಹಂಡೆ ಬಿಸಿನೀರು ನನ್ನ ಮೈಮೇಲೆ ಸುರಿಯುತ್ತಿದ್ದಳು. ಅಷ್ಟು ನೀರಿನಲ್ಲಿ ಬಾಯಿಗೆ ಒಂದು ಹನಿ ಇಲ್ಲ. ಹೇಗೂ ಕೆಟ್ಟಾಯಿತು, ಇನ್ನೇನು ಕೆಡುವುದಿದೆ ಎಂದು, ಅವಳು ಒಲೆಗೆ ಕಟ್ಟಿಗೆ ದೂಡಲು ತಿರುಗಿದಾಗ ಹಂಡೆಯ ನೀರನ್ನೇ ಎರಡು ತಂಬಿಗೆ ಗಟಗಟ ಕುಡಿದೆ. ಮರುದಿನವೂ ಕುಡಿದೆ, ಅದರ ಮರುದಿನವೂ.

ಐದನೇ ದಿನ ಕುಪ್ಪಸ ಒದ್ದೆಯಾಯಿತು. ಕೂಸು ನುಂಗುವ ಸದ್ದು ಕೇಳಿ ಅತ್ತೆ ಕೋಣೆಗೆ ಓಡಿ ಬಂದಳು. ಅವಳು ಅತ್ತಳು. ನಾನು ಅಳಲಿಲ್ಲ. ಮೊದಲನೆಯದು ಹಸಿದು ಸಾಯುವಾಗಲೂ ಆ ಹಂಡೆಯಲ್ಲಿ ದಿನಾ ನೀರು ಕಾಯುತ್ತಿತ್ತು, ಅದೇ ತಲೆಯಲ್ಲಿ ಕೂತಿತ್ತು.

ವಾರ ಬಿಟ್ಟು ಸಾಹೇಬರು ಪುಸ್ತಕ ಹಿಡಿದು ಬಾಗಿಲಿಗೆ ಬಂದರು.

“ಐದು ದಿನಕ್ಕೆ ಬಂತು ನೋಡ್ರಿ. ಬರ್ಕೊಳ್ರಿ, ಎಲ್ಲಾ ಬೇರಿನ ಗುಣ,” ಎಂದಳು ಅತ್ತೆ.

ಸಾಹೇಬರು ನನ್ನ ಕಡೆ ತಿರುಗಿದರು. “ಬೇರೆ ಏನಾದರೂ ಹೊಸದಾಗಿ ತಿಂದ್ಯಾ? ಕುಡಿದ್ಯಾ?”

ಅತ್ತೆ ಪಕ್ಕದಲ್ಲೇ ನಿಂತಿದ್ದಳು. ಹೇಳಿದರೆ ನಾಳೆಯಿಂದ ಬಚ್ಚಲಲ್ಲಿ ಕಾವಲು, ಹಾಲು ಮತ್ತೆ ಬಂದ್.

“ಇಲ್ರಿ,” ಎಂದೆ. ಅವರು ಬರೆದುಕೊಂಡರು.

ಎರಡು ವರ್ಷ ಕೊಡ ಲೆಕ್ಕ ಹಾಕಿಸಿದ ಮನುಷ್ಯನಿಗೆ ನಾನು ಸುಳ್ಳು ಬರೆಸಿದೆ. ತಪ್ಪೇ. ಬೇರಿನ ಗುಣವೂ ಇದ್ದಿರಬಹುದು, ಇಲ್ಲವೆನ್ನಲು ನಾನು ಯಾರು. ಎರಡನ್ನೂ ಒಟ್ಟಿಗೆ ಕುಡಿದವಳಿಗೆ ಯಾವುದು ಯಾವುದೆಂದು ಹೇಗೆ ತಿಳಿಯಬೇಕು?

ಸುದ್ದಿ ಹಬ್ಬಿತು. ಸಾಲುಗಳ ತೂಕ ಮುಗಿದ ಮೇಲೆ ಸಾಹೇಬರು ಉಳಿದ ಬೇರನ್ನು ನಮ್ಮ ಮನೆಯಲ್ಲಿ ಕೊಟ್ಟುಹೋದರು, ಬಸುರಿಯರು ಕೇಳಿಕೊಂಡು ಬರತೊಡಗಿದರು. ಅತ್ತೆ ಒಳಗೆ ಬೇರು ತರಲು ಹೋದಾಗ ನಾನು ಒಬ್ಬೊಬ್ಬಳ ಕಿವಿಯಲ್ಲೂ ಹೇಳುತ್ತಿದ್ದೆ: “ಬಾಣಂತಿ ಆದಾಗ ಇದನ್ನ ಹಾಲಾಗೆ ಕುದಿಸ್ಕೊಂಡು ಕುಡಿ. ಮೈ ತೊಳ್ಕೊಳ್ಳಾಗ ಹಂಡೆ ನೀರು ಎರಡು ತಂಬಿಗೆ ಕುಡಿ. ನಿಮ್ಮತ್ತೆಗೆ ಹೇಳಬ್ಯಾಡ.”

ಒಬ್ಬಳು ಹೆದರಿ ನನ್ನ ಕೈ ಹಿಡಿದುಕೊಂಡಳು. “ನೀರು ಕುಡಿದು ಕೂಸಿಗೆ ಏನಾರ ಆದ್ರೆ ಹೆಂಗಕ್ಕಾ?”

“ಕುಡೀದಿದ್ರೆ ಏನಾಗ್ತೈತೆ ಅಂತ ನಂಗೆ ಗೊತ್ತೈತೆ,” ಎಂದೆ.