ಕೊಳಲಿನ ಚಾನೆಲ್

ಊರಿನ ಬ್ಯಾಂಡಿಗೆ ಸ್ವರಲಿಪಿ ಬರೆದುಕೊಡೋದು ಅವನ ಕಸುಬು. ಹಾಳೆ, ಪೆನ್ನು, ಕೊನೆಗೆ ಕಂಪ್ಯೂಟರು ಅಂತ ಇಪ್ಪತ್ತೆಂಟು ವರ್ಷ ಅದನ್ನೇ ಮಾಡಿದ್ದ. ಎಂಟು ವಾದ್ಯ ಒಟ್ಟಿಗೆ ನುಡಿಯುವಾಗ ಯಾವುದೋ ಒಂದು ಕೂದಲೆಳೆಯಷ್ಟು ಶ್ರುತಿ ತಪ್ಪಿದರೂ ಸಾಕು, "ಏಯ್, ನಿಲ್ಸಿ!" ಅಂತ ಎದ್ದುಬಿಡುತ್ತಿದ್ದ. ಅದಕ್ಕೇ ಎಲ್ಲರೂ ಅವನನ್ನು ಕಿವಿಯಪ್ಪ ಅಂತ ಕರೀತಿದ್ದರು. ಆ ಹೆಸರಂದ್ರೆ ಅವನಿಗೆ ಹೆಮ್ಮೆ, ಸ್ವಲ್ಪ ಜಂಬವೇ ಅನ್ನಿ.

ಬರೆದುಕೊಟ್ಟರೆ ಕೆಲಸ ಮುಗೀತಿರಲಿಲ್ಲ. ವಾದಕರು ಮನೆಯಲ್ಲಿ ಕೇಳಿ ಅಭ್ಯಾಸ ಮಾಡೋಕೆ ಕಂಪ್ಯೂಟರೇ ನುಡಿಸುವ ಫೈಲನ್ನೂ ಕಳಿಸಬೇಕು. ಅದರಲ್ಲಿ ಒಂದೊಂದು ವಾದ್ಯಕ್ಕೆ ಒಂದೊಂದು ಚಾನೆಲ್, ಅಂದ್ರೆ ಅದರ ಸದ್ದಿಗೇ ಮೀಸಲಾದ ದಾರಿ, ಪ್ರತಿ ಚಾನೆಲ್ಲಿಗೂ ಸೊನ್ನೆಯಿಂದ ನೂರಾ ಇಪ್ಪತ್ತೇಳರವರೆಗೆ ವಾಲ್ಯೂಮ್. ಯಾವುದು ಮುಂದೆ ಕೇಳಬೇಕು, ಯಾವುದು ಹಿಂದೆ ಅನ್ನೋದನ್ನು ಅವನು ಕಣ್ಣು ಮುಚ್ಚಿ, ಬರೀ ಕಿವಿಯ ಮೇಲೆ ತೀರ್ಮಾನಿಸುತ್ತಿದ್ದ. ಅಂಕಿಯ ಕಡೆ ನೋಡೋದು ಹೊಸಬರ ಕೆಲಸ ಅಂತ ಅವನ ಧಿಮಾಕು.

ಒಂದು ಬೆಳಿಗ್ಗೆ ಬ್ಯಾಂಡ್ ಮಾಸ್ಟರ್ ಫೋನ್ ಮಾಡಿದರು.

"ಏನ್ ಕಿವಿಯಪ್ಪ, ತಮಾಷೆ ಮಾಡ್ತಿದ್ದೀರಾ? ಕೊಳಲು ಕಿರಿಚ್ಕೊಳ್ತಿದೆ! ಹೆಡ್‌ಫೋನ್ ಕಿತ್ತು ಬಿಸಾಕಿದ್ರು ನಮ್ಮವರು. ನಾಡಿದ್ದು ಕಾರ್ಯಕ್ರಮ. ನಿಮ್ಮ ಕೈಲಿ ಆಗಲ್ಲ ಅಂದ್ರೆ ಹೇಳಿಬಿಡಿ, ಬೇರೆಯವರನ್ನ ನೋಡ್ಕೋತೀನಿ."

ಕಿವಿಯಪ್ಪನಿಗೆ ಮೈಯೆಲ್ಲ ಉರಿದುಹೋಯಿತು. ಬೇರೆಯವರಂತೆ! ಎರಡು ವಾದ್ಯ ಒಂದೇ ಚಾನೆಲ್ಲಿಗೆ ಬಿದ್ದಿರಬೇಕು, ಒಂದನ್ನು ಏರಿಸಿದಾಗ ಇನ್ನೊಂದೂ ಏರಿರಬೇಕು ಅಂದುಕೊಂಡು ಫೈಲ್ ತೆರೆದ. ಉಹೂಂ, ಎಲ್ಲವೂ ಅದರದರ ಚಾನೆಲ್ಲಿನಲ್ಲೇ ಇದ್ದವು. ಕೊಳಲು ಮಾತ್ರ ನೂರಾ ಇಪ್ಪತ್ನಾಲ್ಕರಲ್ಲಿತ್ತು. ನುಡಿಸಿ ನೋಡಿದ. ಕಿರಿಚೋದೆಲ್ಲಿ ಬಂತು, ಮೆತ್ತಗೆ ಹಿತವಾಗಿಯೇ ಇದೆಯಲ್ಲ!

ಮಾಸ್ಟರ್ ಬಾಯಿ ಮುಚ್ಚಿಸಬೇಕು ಅಂತ ಹಳೇ ಫೈಲುಗಳನ್ನು ತೆಗೆದ. ಹೋದ ವರ್ಷದ್ದರಲ್ಲಿ ಕೊಳಲು ನೂರಾ ಹನ್ನೆರಡು. ಅದರ ಹಿಂದಿನ ವರ್ಷ ನೂರಾ ಒಂದು. ಅದಕ್ಕೂ ಹಿಂದೆ ತೊಂಬತ್ತು. ಐದು ವರ್ಷದ ಹಿಂದೆ ಎಪ್ಪತ್ತೆರಡು. ಮಂದ್ರದ, ತಗ್ಗು ದನಿಯ ವಾದ್ಯಗಳೆಲ್ಲ ಅಷ್ಟೂ ವರ್ಷ ಇದ್ದಲ್ಲೇ ಇದ್ದವು. ಎತ್ತರದ ದನಿಯ ಕೊಳಲೊಂದನ್ನೇ ಅವನು ವರ್ಷ ವರ್ಷ ಏರಿಸುತ್ತಾ ಬಂದಿದ್ದ.

"ಏ, ಸ್ವಲ್ಪ ಇಲ್ಲಿ ಬಾರೇ," ಅಂತ ಹೆಂಡತಿಯನ್ನು ಕೂಗಿದ. "ಕೊಳಲೊಂದನ್ನೇ ನುಡಿಸು. ತಾರಸ್ಥಾಯಿಯ ಭಾಗ. ಎಪ್ಪತ್ತೆರಡಕ್ಕೆ ಇಳಿಸು. ನಾನು ಆ ಕಡೆ ತಿರುಗಿ ಕೂತ್ಕೋತೀನಿ."

ಗೋಡೆ ನೋಡುತ್ತಾ ಕಾದ. ಇನ್ನೂ ಕಾದ.

"ಎಷ್ಟೊತ್ತೇ ಮಾರಾಯ್ತಿ? ಶುರು ಮಾಡು!"

ತಿರುಗಿದರೆ ಪರದೆಯ ಮೇಲೆ, ನುಡಿಯುತ್ತಿರುವ ಜಾಗ ತೋರಿಸುವ ಗೆರೆ ಸ್ವರದಿಂದ ಸ್ವರಕ್ಕೆ ಓಡುತ್ತಿತ್ತು. ಅವಳ ಕಣ್ಣು ತುಂಬಿತ್ತು.

"ಶುರುವಾಗಿ ಆಗಲೇ ಒಂದು ಪುಟ ಮುಗೀತು ರೀ."

ದೇವರೇ, ಇದ್ದಿದ್ದೊಂದು ಕಿವಿ, ಅದೇ ಹೋಯ್ತಾ! ಆಮೇಲೆ ಥಟ್ಟನೆ ಒಂದು ಅನುಮಾನ ಬಂತು.

"ಹಾಗಾದ್ರೆ ಹೋದ ವರ್ಷ ಯಾಕೆ ಯಾರೂ ಬೈಲಿಲ್ಲ? ಅದರ ಹಿಂದಿನ ವರ್ಷ?"

"ಫೈಲ್ ಕಳಿಸ್ತಿದ್ದವಳು ನಾನಲ್ವಾ? ಒಂದು ನಕಲು ಮಾಡಿ, ಕೊಳಲನ್ನ ಇಳಿಸಿ ಕಳಿಸ್ತಿದ್ದೆ. ಈ ಸಲ ನಾನು ಅಕ್ಕನ ಮನೇಲಿದ್ದೆ, ನೀವೇ ಕಳಿಸಿಬಿಟ್ರಿ."

"ನಂಗೊಂದು ಮಾತು ಹೇಳ್ಬಾರ್ದಿತ್ತಾ?"

"ಎಷ್ಟೋ ಸಲ ಬಾಯಿವರೆಗೆ ಬಂತು. ನಿಮ್ಮ ಮುಖ ನೋಡಿ ನುಂಗ್ಕೊಂಡೆ."

"ಹೋದ ವರ್ಷದ ಫೈಲ್ ಕೇಳಿ ಮಾಸ್ಟರು ಎಲ್ಲರೆದುರು ಎದ್ದು ನಿಂತು ಹೊಗಳಿದ್ರಲ್ಲೇ! ಇಂಥ ಕಿವಿ ಇನ್ಯಾರಿಗಿದೆ ಅಂತ!"

ಅವಳು ಕಣ್ಣೊರೆಸಿಕೊಂಡಳು. "ಅದು ನನ್ನ ಕಿವಿ ಕಣ್ರೀ."

ಬೈಯಬೇಕೋ ಅಳಬೇಕೋ ಅವನಿಗೆ ಗೊತ್ತಾಗಲಿಲ್ಲ. ಕೊನೆಗೆ ಎದ್ದು, ಕಂಪ್ಯೂಟರಿನ ಮುಂದಿದ್ದ ತನ್ನ ಕುರ್ಚಿಯನ್ನು ಅವಳ ಕಡೆ ಎಳೆದ. "ಕೂತ್ಕೋ. ಕೊಳಲು ಎಷ್ಟಕ್ಕಿರಬೇಕು ಅಂತ ನೀನೇ ಹೇಳು."