ಕ್ಯಾಮೆರಾಕ್ಕೂ ದೃಷ್ಟಿಬೊಟ್ಟು

ಬಿಸಿಲಿಗೆ ಅವರ ಮೂಗಿನ ತುದಿ ಸದಾ ಕೆಂಪಗೆ ಸುಲಿದಿರುತ್ತಿತ್ತು. ಅದಕ್ಕೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು, ಕೊರಳಿಗೆ ಕ್ಯಾಮೆರಾ ತೂಗುಹಾಕಿಕೊಂಡು, ಶಿವನಿ ಸ್ಟೇಷನ್ನಿನ ಕಡೆಯಿಂದ ನಮ್ಮ ಬೀದಿಗೆ ನಡೆದು ಬರುತ್ತಿದ್ದರು. ದೂರದ ಯಾವುದೋ ದೇಶದವರು. ಊರೂರು ಸುತ್ತಿ ಜನರ ದಿನದ ಬದುಕನ್ನು ಪಟ ತೆಗೆಯುವುದೇ ಅವರ ಕೆಲಸ. ನಾವೆಲ್ಲ ಪಟದಮ್ಮ ಎನ್ನುತ್ತಿದ್ದೆವು.

ಮೊದಲ ದಿನ ನಾವು ಹೆಂಗಸರು ಮದುವೆ ಸೀರೆ ಉಟ್ಟು, ಪೌಡರ್ ಬಳಿದುಕೊಂಡು ಸಾಲಾಗಿ ನಿಂತೆವು. ಪಟದಮ್ಮ ನಕ್ಕು ಕೈಮುಗಿದರು. "ಬೇಡ, ಬೇಡ. ಕೆಲಸ ಮಾಡಿ!" ಬೆರಣಿ ತಟ್ಟುವುದು, ಮೆಣಸಿನಕಾಯಿ ಬಿಡಿಸುವುದು, ಇಂಥವೇ ಅವರಿಗೆ ಬೇಕು. ಮಣ್ಣಲ್ಲಿ ಬೋರಲು ಮಲಗಿಯಾದರೂ ತೆಗೆಯುವರು.

"ಲೇ, ಇವರೂರಲ್ಲಿ ಸಗಣೀನೇ ಇಲ್ವೇನೇ?" ಎಂದು ಪಕ್ಕದ ಮನೆಯಾಕೆ ಬೀದಿಯನ್ನೆಲ್ಲ ನಗಿಸಿದ್ದಳು.

ನನ್ನ ಆಸೆ ಒಂದೇ. ನನ್ನ ಮೊದಲ ಕೂಸು ಹಲ್ಲು ಮೂಡುವ ಮುಂಚೆಯೇ ಹೋಗಿತ್ತು. ಒಂದು ಪಟವೂ ಇಲ್ಲದೆ ಅದರ ಮುಖವೇ ಮರೆಯುತ್ತಾ ಬಂದಿತ್ತು. ಈಗ ಇನ್ನೊಂದು ಮಡಿಲಲ್ಲಿತ್ತು. ಇದರದ್ದಾದರೂ ಇರಲಿ ಎಂದು ಅತ್ತೆಯನ್ನು ಕೇಳಿದೆ.

"ಬಾಯ್ ಮುಚ್ಚೇ. ಒಂದ್ ಕಳ್ಕೊಂಡಿದ್ದು ಸಾಲ್ದಾ? ಆ ಗಾಜಿನ ಕಣ್ಣು ಬಿದ್ರೆ ಕೂಸು ಉಳೀತದಾ?" ಗದರುತ್ತಲೇ ಕೂಸಿನ ಮುಖದ ಮೇಲೆ ಸೆರಗು ಎಳೆದರು.

ಪಟದಮ್ಮ ಒತ್ತಾಯ ಮಾಡಿದವರಲ್ಲ. ಬೇಡವೆಂದರೆ ಕ್ಯಾಮೆರಾ ಕೆಳಗಿಟ್ಟು ಸುಮ್ಮನೆ ಪಕ್ಕದಲ್ಲಿ ಕೂರುವರು. ಅತ್ತೆ ಬಚ್ಚಲಲ್ಲಿ ಕಾಲು ಚಾಚಿ ಕೂಸಿಗೆ ಎರೆಯುವಾಗ ಬಿಸಿನೀರು ತೋಡಿಕೊಡುವರು. ಹೊಗೆಗೆ ಕಣ್ಣೀರು ಸುರಿದರೂ ಏಳುತ್ತಿರಲಿಲ್ಲ. ಒಮ್ಮೆ ತಾವು ಬೇರೆ ದೇಶದಲ್ಲಿ ತೆಗೆದ ಪಟ ತೋರಿಸಿದರು. ಯಾವುದೋ ಅಜ್ಜಿ ಮರದ ತೊಟ್ಟಿಯಲ್ಲಿ ಮಗು ಮೀಯಿಸುತ್ತಿದ್ದಳು.

"ಅಯ್ಯೋ, ಕೂಸನ್ನ ಹಿಂಗಾ ಹಿಡಿಯೋದು? ಕತ್ತು ಉಳುಕಲ್ವಾ?" ಎಂದು ಅತ್ತೆ ಕಸಿವಿಸಿಪಟ್ಟರು. "ನಾವ್ ಹೆಂಗ್ ಹಿಡಿತೀವಿ ಅಂತ ಆ ಅಜ್ಜೀನೂ ನೋಡ್ಲಿ. ತತ್ತಾರವ್ವ ನಿನ್ ಡಬ್ಬಿ!"

ಕೂಸಿನ ಕೆನ್ನೆಗೆ ದೃಷ್ಟಿಬೊಟ್ಟು ಇಟ್ಟವರೇ, ಬೆರಳಲ್ಲಿ ಉಳಿದ ಕಾಡಿಗೆಯನ್ನು ಕ್ಯಾಮೆರಾದ ಗಾಜಿಗೂ ಒತ್ತಿಬಿಟ್ಟರು. "ನೋಡೋದು ಇದು ತಾನೆ? ಇದಕ್ಕೂ ಇರ್ಲಿ. ಈಗ ತೆಗಿ."

ಪಟದಮ್ಮ ಗಾಜನ್ನು ನೋಡಿದರು, ಅತ್ತೆಯ ಮುಖ ನೋಡಿದರು. ಒರೆಸಲಿಲ್ಲ. ಹಾಗೆಯೇ ತೆಗೆದರು.

ಮುಂದಿನ ರಾಗಿ ಕೊಯ್ಲಿಗೆ ಬಂದು ಪಟ ಕೊಟ್ಟರು. ಒಂದು ಮೂಲೆಯೆಲ್ಲ ಮಬ್ಬು. ನಡುವೆ ಅತ್ತೆಯ ಕಾಲ ಮೇಲೆ ನನ್ನ ಕೂಸು ಆಕಳಿಸುತ್ತಿದೆ. "ನೋಡ್ದಾ, ದೃಷ್ಟಿಯೆಲ್ಲ ಅಲ್ಲೇ ನಿಂತೈತೆ" ಎಂದು ಅತ್ತೆ ಬೀಗಿದರು. ಪಟದಮ್ಮ ಹೌದು ಹೌದೆಂದು ತಲೆಯಾಡಿಸಿದರು.

ಆಮೇಲೆ ಅವರು ಬರಲಿಲ್ಲ. ಅವರ ಊರಿನ ಹೆಸರು ಬರೆಯಲೂ ನನಗೆ ಬಾರದು.

ಈಗ ಆ ಕೂಸೇ ಬಾಣಂತನಕ್ಕೆ ಬಂದಿದ್ದಾಳೆ. ಮೊಮ್ಮಗಳು ಹುಟ್ಟಿದ್ದಾಳೆ ಕಣ್ರೀ! ಪಟ ತಂದು ಪಕ್ಕಕ್ಕೆ ಹಿಡಿದೆ. ಅದೇ ಹಣೆ, ಅದೇ ಗಲ್ಲ.

"ಅವ್ವಾ, ಇದು ನಾನಾ, ಇವಳಾ?" ಎಂದಳು ಮಗಳು.

ನನಗೆ ನಗು ಬಂತು, ಅಳುವೂ ಬಂತು. ನೋಡುತ್ತಾ ನೋಡುತ್ತಾ, ಕೈಬಿಟ್ಟು ಹೋದ ಆ ಮೊದಲ ಕೂಸಿನ ಮುಖವೂ ನೆನಪಿಗೆ ಬಂದುಬಿಟ್ಟಿತು. ಅದೂ ಹೀಗೇ ಆಕಳಿಸುತ್ತಿತ್ತು.