ಟ್ರಂಕಿನ ಮೇಲೆ ಅಳಿಸಿದ ಹೆಸರು

ಕಪ್ಪು ಟ್ರಂಕಿನ ಮುಚ್ಚಳದ ಮೇಲೆ ಅಂಗೈಯಗಲದಷ್ಟು ಜಾಗ ಮಾತ್ರ ಹೊಸದಾಗಿ ಹೊಳೆಯುತ್ತಿತ್ತು. ಫೋನಿಗೆ ಬಂದಿದ್ದ ಫೋಟೋವನ್ನು ದೊಡ್ಡದು ಮಾಡಿ ನೋಡಿದೆ. ಹೊಸ ಬಣ್ಣದ ಕೆಳಗೆ ಹಳೆಯ ಅಕ್ಷರಗಳ ಉಬ್ಬು ಕಾಣಿಸಿತು. ಸೈನ್ಯದಲ್ಲಿದ್ದವರ ಟ್ರಂಕಿನ ಮೇಲೆ ಅವರ ಹೆಸರು, ನಂಬರು ಬಿಳಿ ಬಣ್ಣದಲ್ಲಿ ಬರೆದಿರುತ್ತದೆ. ಅಪ್ಪನೂ ಸೈನ್ಯದಲ್ಲಿದ್ದವರೇ; ನಮ್ಮ ಮನೆಯಲ್ಲಿರುವ ತಮ್ಮ ಟ್ರಂಕನ್ನು ಇವತ್ತಿಗೂ ಯಾರಿಗೂ ಮುಟ್ಟಲು ಬಿಡುವುದಿಲ್ಲ.

ಇದು ಕಳೆದ ವರ್ಷದ ಒಂದು ಭಾನುವಾರ ಮಧ್ಯಾಹ್ನದ ಮಾತು. ನಾವಿರುವುದು ಹಳೇಬೀಡಿನಲ್ಲಿ. ಸುತ್ತಲಿನ ಊರುಗಳ ಮಾಜಿ ಸೈನಿಕರದೊಂದು ವಾಟ್ಸ್ಆ್ಯಪ್ ಗುಂಪಿದೆ. ಎಂ.ಎಸ್ಸಿ. ಮುಗಿಸಿ ಮನೆಯಲ್ಲಿದ್ದ ನನ್ನನ್ನು ಅಪ್ಪ ಅದಕ್ಕೆ ಅಡ್ಮಿನ್ ಮಾಡಿಸಿದ್ದರು. ಬದುಕು ಬೇಡವೆನಿಸಿದಾಗ ಕರೆ ಮಾಡಬಹುದಾದ ಸರ್ಕಾರಿ ಸಹಾಯವಾಣಿಯ ನಂಬರನ್ನು ನಾನು ಗುಂಪಿನಲ್ಲಿ ಎಲ್ಲಕ್ಕಿಂತ ಮೇಲೆ ಕಾಣುವಂತೆ ಪಿನ್ ಮಾಡಿದ್ದೆ. "ನಮಗ್ಯಾಕಮ್ಮ ಇದು? ಗುಂಡಿಗೇ ಹೆದರ್ಲಿಲ್ಲ ನಾವು" ಎಂದು ಮಾದಿಹಳ್ಳಿಯ ರಂಗಪ್ಪನವರು ನಕ್ಕಿದ್ದರು.

ಆ ಫೋಟೋ ಹಾಕಿದವರು ಜಾವಗಲ್ಲಿನ ಬಸವರಾಜು. ಸೈನ್ಯದಲ್ಲಿ ಅಪ್ಪನ ಜೊತೆಯಲ್ಲೇ ಇದ್ದವರು, ನಾನು ಕರೆಯುವುದು ದೊಡ್ಡಪ್ಪ ಎಂದೇ. ಕೆಳಗೆ 'ಬೇಕಾದವರು ತಗೊಂಡು ಹೋಗಿ' ಎಂದಿತ್ತು.

"ಏನ್ಲಾ ಬಸ್ಯಾ, ಅಂಗಡಿ ಇಟ್ಯೇನ್ಲಾ? ನಂಗಿರ್ಲಿ, ನಮ್ಮವಳು ರಾಗಿ ತುಂಬ್ಕತಾಳೆ" ಎಂದು ರಂಗಪ್ಪನವರು ಬರೆದರು. ಸ್ವಲ್ಪ ಹೊತ್ತಿಗೆ ದೊಡ್ಡಪ್ಪ ಗುಂಪು ಬಿಟ್ಟಿದ್ದರು.

ನನಗೆ ಏನೂ ತೋಚಲಿಲ್ಲ. ಹಳೇ ಟ್ರಂಕ್ ಕೊಡುವುದರಲ್ಲಿ ತಪ್ಪೇನು? ಆದರೆ ಹೆಸರನ್ನೂ ಅಳಿಸಿ ಗುಂಪನ್ನೂ ಬಿಟ್ಟವರು ಜೀವಕ್ಕೇನಾದರೂ ಮಾಡಿಕೊಂಡರೆ ಎಂಬ ಭಯ ಬಿಡಲಿಲ್ಲ. ಫೋನ್ ಮಾಡಿದರೆ ಎತ್ತಲಿಲ್ಲ. "ಮನೆ ಕ್ಲೀನ್ ಮಾಡ್ತಾ ಅವ್ನೇನೋ ಕಣೇ. ಅತ್ತಿಗೆ ಬೇರೆ ಮಗಳ ಬಾಣಂತನಕ್ಕೆ ಹಾರನಹಳ್ಳಿಗೆ ಹೋಗವ್ರೆ" ಎಂದರು ಅಪ್ಪ. ಗುಂಪಿನಲ್ಲಿ ಕೇಳಿದರೆ ಊರೆಲ್ಲ ಸುದ್ದಿ. ಕೇಳದಿದ್ದರೆ? ಕೊನೆಗೆ ಕೋಣೆಯ ಬಾಗಿಲು ಹಾಕಿಕೊಂಡು, ನಾನೇ ಪಿನ್ ಮಾಡಿದ್ದ ಆ ನಂಬರಿಗೆ ಕರೆ ಮಾಡಿದೆ. 'ಆತ್ಮಹತ್ಯೆ' ಎನ್ನುವ ಪದವೇ ಬಾಯಿಗೆ ಬರಲಿಲ್ಲ. ಆಚೆಯಿದ್ದ ಮಹಿಳೆ ಕಾದು, "ನೇರವಾಗಿ ಕೇಳಿ. ಕೇಳೋದ್ರಿಂದ ಆ ಯೋಚನೆ ಹುಟ್ಟಲ್ಲ. ಒಬ್ಬರನ್ನೇ ಬಿಡಬೇಡಿ" ಎಂದರು.

ಮಾತಾಡಿಸಿಕೊಂಡು ಬರೋಣವೆಂದಷ್ಟೇ ಅಪ್ಪನಿಗೆ ಹೇಳಿದೆ; ಅವರ ಸ್ಕೂಟರಿನಲ್ಲಿ ಜಾವಗಲ್ಲಿಗೆ ಹೋದೆವು. ದೊಡ್ಡಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಜಗಲಿಯಲ್ಲಿ ಕೂತಿದ್ದರು. ನಗುತ್ತಲೇ ಟೀ ಮಾಡಿ ತಂದರು. ನನ್ನ ಗೊಂದಲ ಇನ್ನೂ ಹೆಚ್ಚಾಯಿತು. ಅಪ್ಪನೋ ತೆಂಗಿನಕಾಯಿ ರೇಟಿನ ಮಾತು ಬಿಟ್ಟು ಅತ್ತಿತ್ತ ಹೋಗಲಿಲ್ಲ.

"ಹೆಸರು ಯಾಕೆ ಅಳಿಸಿದ್ರಿ ದೊಡ್ಡಪ್ಪ?" ಎಂದೆ.

"ತಗೊಂಡೋರಿಗೆ ನನ್ ಹೆಸರು ಯಾಕವ್ವ?"

ಅದೂ ನಿಜವೇ. ಎದ್ದು ಬರೋಣವೆನಿಸಿತು. ಆದರೂ ಕೇಳಿಬಿಟ್ಟೆ: "ಸಾಯ್ಬೇಕು ಅಂತ ಏನಾದ್ರೂ ಅನ್ನಿಸ್ತಿದೆಯಾ?"

"ಏಯ್, ಏನ್ ಮಾತೇ ಅದು!" ಅಪ್ಪ ಗದರಿದರು.

"ಅವಳ್ನ ಬಯ್ಬೇಡ ಕಣೋ" ಎಂದರು ದೊಡ್ಡಪ್ಪ. ಆಮೇಲೆ ಲೋಟವನ್ನೇ ನೋಡುತ್ತಾ, "ಅನ್ನಿಸ್ತೈತೆ ಕಣವ್ವ. ಯಾಕೆ ಅಂದ್ರೆ ನಂಗೇ ಗೊತ್ತಿಲ್ಲ" ಎಂದರು.

ಅಪ್ಪ ಚಪ್ಪಲಿ ಕಳಚಿ ಜಗಲಿಯ ಮೇಲೆ ಕಾಲು ಮಡಚಿ ಕೂತರು. "ಇವತ್ತು ಸೆಂಟ್ರಿ ಡ್ಯೂಟಿ ನಂದು. ಬದಲಿ ಬರೋಗಂಟ ಜಾಗ ಬಿಡಲ್ಲ. ನಾಳೆ ಇಬ್ರೂ ಹಾಸನಕ್ಕೆ, ಡಾಕ್ಟ್ರತ್ರ."

"ಡ್ಯೂಟೀಲಿ ನಿದ್ದೆ ಹೊಡ್ದು ಸಿಕ್ಕಾಕ್ಕೊಂಡೋನು ನೀನೇ ಅಲ್ವೇನ್ಲಾ!" ದೊಡ್ಡಪ್ಪ ನಕ್ಕರು. ನಗುತ್ತಲೇ ಕಣ್ಣೊರೆಸಿಕೊಂಡರು.

ಅವರನ್ನು ಕೇಳಿಯೇ ದೊಡ್ಡಮ್ಮನಿಗೆ ಫೋನ್ ಮಾಡಿ ತಿಳಿಸಿ, ನಾನು ಸಂಜೆಯ ಬಸ್ಸಿನಲ್ಲಿ ಮನೆಗೆ ಬಂದೆ.

ದೊಡ್ಡಪ್ಪ ಈಗಲೂ ಡಾಕ್ಟರ ಹತ್ತಿರ ಹೋಗುತ್ತಾರೆ, ನಮ್ಮ ಮನೆಗೂ ಬರುತ್ತಾರೆ. ಅಂದು ನಾವು ಹೋಗದಿದ್ದರೆ ಏನಾಗುತ್ತಿತ್ತೋ, ಏನೂ ಆಗುತ್ತಿರಲಿಲ್ಲವೋ, ನನಗೆ ತಿಳಿಯದು. ನಗುತ್ತಾ ಟೀ ಕೊಟ್ಟವರೂ ಆ ಮಾತು ಹೇಳಿದವರೂ ಒಬ್ಬರೇ ಎನ್ನುವುದು ಇವತ್ತಿಗೂ ನನಗೆ ಪೂರ್ತಿ ಅರ್ಥವಾಗಿಲ್ಲ.

ಆ ಭಾನುವಾರದ ಮರುದಿನ ಬೆಳಿಗ್ಗೆ ಅವರಿಬ್ಬರೂ ಹಾಸನದ ಬಸ್ಸು ಹತ್ತಿದರೆಂದು ಫೋನ್ ಬಂತು. ಗುಂಪಿನಲ್ಲಿ ದೊಡ್ಡಪ್ಪನ ವಿಷಯ ಎತ್ತಲಿಲ್ಲ. ನಾನು ಎಲ್ಲಿಂದಲೋ ತಂದು ಪಿನ್ ಮಾಡಿದ್ದ ಆ ಹಳೆಯ ಸಂದೇಶವನ್ನು ತೆಗೆದು, ಅದೇ ನಂಬರಿನ ಕೆಳಗೆ ನನ್ನ ಮಾತಿನಲ್ಲೇ ಬರೆದೆ: 'ನಿನ್ನೆ ಇಲ್ಲಿಗೆ ನಾನೇ ಫೋನ್ ಮಾಡಿದ್ದೆ. ಎತ್ತಿದರು. ಹೆಸರು ಕೇಳಿ ಒತ್ತಾಯಿಸಲಿಲ್ಲ. ನಾನು ಮಾತಾಡುವವರೆಗೂ ಕಾದರು.' ಓದಿದವರು ನನ್ನ ಬಗ್ಗೆ ಏನಂದುಕೊಳ್ಳುತ್ತಾರೆಂದು ಗೊತ್ತಿತ್ತು. ಅಂದುಕೊಳ್ಳಲಿ ಎಂದು ಬಿಟ್ಟೆ.

ಸ್ವಲ್ಪ ಹೊತ್ತಿಗೆ ನನ್ನೊಬ್ಬಳಿಗೇ ಒಂದು ಸಂದೇಶ ಬಂತು, ಆ ನಂಬರು ನೋಡಿ ನಕ್ಕಿದ್ದ ರಂಗಪ್ಪನವರಿಂದ: 'ಆ ನಂಬರ್ನೋರು ಹಿಂದೀಲಿ ಮಾತಾಡ್ತಾರೇನಮ್ಮ, ಕನ್ನಡದಲ್ಲೋ?'

'ಕನ್ನಡದಲ್ಲೇ' ಎಂದು ಬರೆದು, ರಂಗಪ್ಪನವರಿಗೇ ಫೋನ್ ಮಾಡಿದೆ.